ಹೋಗುವ ಶಿಕ್ಷಕರ ಬೀಳ್ಕೊಡುಗೆ, ಬರುವವರ ಸ್ವಾಗತ: ನಿಮ್ಮ ಶಾಲೆಯಲ್ಲಿ ಹೇಗೆ ಮಾಡಿದಿರಿ?

ಪ್ರಶ್ನೆ: ಪ್ರಭಾರ ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ (ಮಾರ್ಚ್)

ಗುರುಬಂಧುಗಳೆಲ್ಲರಿಗೂ ನಮಸ್ಕಾರ. ನಮ್ಮದು ಒಂದರಿಂದ ಏಳನೆಯ ತರಗತಿಯವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 96 ಮಕ್ಕಳಿದ್ದಾರೆ, ನನ್ನನ್ನೂ ಸೇರಿಸಿ ನಾಲ್ವರು ಕಾಯಂ ಶಿಕ್ಷಕರು ಮತ್ತು ಒಂದು ಖಾಲಿ ಹುದ್ದೆಯ ಎದುರು ಒಬ್ಬ ಅತಿಥಿ ಶಿಕ್ಷಕಿ ಇದ್ದೇವೆ. ಗಣಿತ ಹೇಳಿಕೊಡುವ ನಮ್ಮ ಹಿರಿಯ ಮೇಷ್ಟ್ರು ಈ ಮೇ 31ಕ್ಕೆ ವಯೋನಿವೃತ್ತಿ ಹೊಂದುತ್ತಾರೆ. ನಲಿ-ಕಲಿ (ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ತರಗತಿಗಳನ್ನು 13 ವರ್ಷಗಳಿಂದ ನಡೆಸಿಕೊಂಡು ಬಂದಿರುವ ಮೇಡಂ ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದ್ದು, ಆದ್ಯತಾ ಪಟ್ಟಿಯಲ್ಲಿ ಅವರ ಹೆಸರು ಮೇಲಿರುವುದರಿಂದ ಈ ಬಾರಿಯ ಕೌನ್ಸೆಲಿಂಗ್‌ನಲ್ಲಿ ತವರಿನ ಕಡೆಗೆ ಹೋಗುವುದು ಬಹುತೇಕ ಖಚಿತವಾಗಿದೆ. ಅವರ ಜಾಗಗಳಿಗೆ ಹೊಸಬರು ಬರಬಹುದು. ಹಾಗೆ ಬಂದರೆ ನಮ್ಮ ಅತಿಥಿ ಶಿಕ್ಷಕಿಯ ಸ್ಥಾನ ಉಳಿಯುತ್ತದೋ ಇಲ್ಲವೋ ತಿಳಿಯದು.

ಹಿಂದಿನ ಬೀಳ್ಕೊಡುಗೆಗಳಲ್ಲಿ ನಾನು ರಂಗೋಲಿ ಹಾಕಿದ್ದೇನೆ, ನಿರೂಪಣೆ ಮಾಡಿದ್ದೇನೆ. ಕಾರ್ಯಕ್ರಮ ಹೇಗಿರಬೇಕೆಂದು ತೀರ್ಮಾನಿಸುವ ಹೊಣೆ ಬಂದಿರುವುದು ಇದೇ ಮೊದಲು. ಹೋಗುವವರನ್ನು ಬೀಳ್ಕೊಡುವ ವೇದಿಕೆಯಲ್ಲೇ ಬಂದವರನ್ನೂ ಸ್ವಾಗತಿಸಿ ಒಂದೇ ಖರ್ಚಿನಲ್ಲಿ ಮುಗಿಸಬಹುದೇ? ಖರ್ಚನ್ನು ಯಾರು ಹೊರಬೇಕು? ಅತಿಥಿ ಶಿಕ್ಷಕಿಯನ್ನು ಹೇಗೆ ಗೌರವಿಸಬೇಕು? ಇನ್ನೊಂದು ಸಂಗತಿಯೆಂದರೆ, ಸುದ್ದಿ ಕಿವಿಗೆ ಬಿದ್ದಾಗಿನಿಂದ ಒಂದು, ಎರಡನೆಯ ತರಗತಿಯ ಮಕ್ಕಳು ‘ಮಿಸ್ ಹೋಗ್ತಾರಂತೆ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಮುಖ್ಯ ಶಿಕ್ಷಕ, ಹಾವೇರಿ ಜಿಲ್ಲೆ

ಮೇಡಂ ಅವರೇ, ಉಳಿದೆಲ್ಲಕ್ಕಿಂತ ಮೊದಲು ದಿನಾಂಕವನ್ನು ಗಟ್ಟಿ ಮಾಡಿಕೊಳ್ಳಿ. ಮೇ 31 ಎಂದು ಓದಿದ ಕೂಡಲೇ ನಿಮ್ಮ ಮೇಷ್ಟ್ರ ದಾಖಲೆಯಲ್ಲಿರುವ ಜನ್ಮದಿನಾಂಕ ಜೂನ್ 1 ಇರಬೇಕೆಂದು ಊಹಿಸಿದೆ. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ಹುಟ್ಟಿದ ದಿನ ನೆನಪಿರದಿದ್ದರೆ ಮಾಸ್ತರರು ತಾವೇ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಸೇವೆಯಿಂದ ಹೊರಬರಬೇಕೆಂಬ ನಿಯಮ ಇರುವುದರಿಂದ, ಹಾಗೆ ಬರೆಸಿಕೊಂಡ ನಾವೆಲ್ಲ 60 ತುಂಬುವ ವರ್ಷ ಮೇ 31ರಂದು ಗುಂಪಾಗಿ ನಿವೃತ್ತರಾಗುತ್ತೇವೆ. ನಾನೂ ಅವರಲ್ಲೊಬ್ಬ; ನನ್ನ ತಾಯಿಯ ಪ್ರಕಾರ ನಾನು ಹುಟ್ಟಿದ್ದು ಸೀಗೆ ಹುಣ್ಣಿಮೆಯ ಮರುದಿನ.

ಇದರಿಂದ ಏನಾಗುತ್ತದೆ ನೋಡಿ. ಏಪ್ರಿಲ್ ಎರಡನೆಯ ವಾರಕ್ಕೆ ಬೇಸಿಗೆ ರಜೆ ಶುರುವಾಗಿ ಮೇ ತಿಂಗಳ ಕೊನೆಯ ದಿನಗಳಲ್ಲಿ ಶಾಲೆ ತೆರೆಯುತ್ತದೆ. ಆಗ ಪ್ರಾರಂಭೋತ್ಸವ, ದಾಖಲಾತಿ, ಪಠ್ಯಪುಸ್ತಕದ ಹಂಚಿಕೆ ಎಂದು ಶಿಕ್ಷಕರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅರ್ಧದಷ್ಟು ಮಕ್ಕಳು ಅಜ್ಜಿಯ ಊರಿನಿಂದ ಇನ್ನೂ ಮರಳಿರುವುದಿಲ್ಲ. ಏಳನೆಯ ತರಗತಿ ಮುಗಿಸಿದವರಂತೂ ಇನ್ನು ಮೇಲೆ ನಿಮ್ಮ ಶಾಲೆಯ ಮಕ್ಕಳೇ ಅಲ್ಲ. ನನ್ನ ಬೀಳ್ಕೊಡುಗೆಯನ್ನು ಸಹೋದ್ಯೋಗಿಗಳು ಪ್ರೀತಿಯಿಂದ ಮೇ 31ರಂದೇ ಇಟ್ಟುಕೊಂಡರು. ನಮ್ಮ ಹಾವೇರಿಯ ಏಲಕ್ಕಿ ಹಾರ ಹಾಕಿದರು, ಗಣ್ಯರು ಮಾತನಾಡಿದರು. ಎದುರಿಗೆ ಕುಳಿತಿದ್ದ ಮಕ್ಕಳು 19. ಏಳು ವರ್ಷ ಕಣ್ಣೆದುರು ಬೆಳೆದಿದ್ದ ಹುಡುಗ ಹುಡುಗಿಯರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಆದ್ದರಿಂದ ಏಪ್ರಿಲ್ 10ರ ಆಸುಪಾಸಿನಲ್ಲಿ ಫಲಿತಾಂಶ ಹೇಳುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮಕ್ಕೆ ಒಂದೆರಡು ದಿನ ಮೊದಲೇ, ಎಲ್ಲ ಮಕ್ಕಳೂ ಇರುವಾಗ ಮಾಡಿ ಮುಗಿಸಿರಿ. ಕಾಗದದ ಮೇಲಿನ ಬಿಡುಗಡೆ ಮೇ 31ಕ್ಕೆ ತಾನಾಗಿಯೇ ಆಗುತ್ತದೆ.

ಒಟ್ಟಿಗೆ ಮಾಡಬಹುದೇ ಎಂದು ಕೇಳಿದ್ದೀರಿ. ಬೇಡ. ನಾನು ಮುಖ್ಯ ಶಿಕ್ಷಕನಾಗಿದ್ದಾಗ ಖರ್ಚು ಉಳಿಯುತ್ತದೆಂದು ಹಾಗೆ ಮಾಡಿ ಕೆಟ್ಟಿದ್ದೇನೆ. ಮುಖ್ಯ ಅತಿಥಿಗಳು ಹನ್ನೊಂದು ಗಂಟೆಗೆ ಬರಬೇಕಿದ್ದವರು ಒಂದೂವರೆಗೆ ಬಂದರು. ಮಕ್ಕಳು ಶಾಮಿಯಾನದ ಅಂಚಿನ ಬಿಸಿಲಿನಲ್ಲಿ ಕುಳಿತೇ ಇದ್ದರು, ಬಿಸಿಯೂಟದ ಸಾಂಬಾರು ಆರಿ ಕೆನೆಗಟ್ಟಿತು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಒಂಬತ್ತು ಜನರ ಹಿತನುಡಿ ಮುಗಿದು ಹೋಗುವ ಶಿಕ್ಷಕರ ಸರದಿ ಬಂದಾಗ ನಿರೂಪಕರು ‘ದಯವಿಟ್ಟು ಎರಡೇ ನಿಮಿಷ’ ಎಂದು ಚೀಟಿ ಕೊಟ್ಟರು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಭಾಷಣಕಾರರೊಬ್ಬರು ‘ಇಂಥ ಶಿಕ್ಷಕರು ಈ ಊರಿಗೆ ಇನ್ನು ಸಿಗುವುದಿಲ್ಲ’ ಎಂದಾಗ ಪಕ್ಕದ ಕುರ್ಚಿಯಲ್ಲಿ ಗುಲಾಬಿ ಹಿಡಿದು ಕುಳಿತಿದ್ದ ಹೊಸ ಶಿಕ್ಷಕ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದ. ಹೋಗುವವರನ್ನು ಮನಸಾರೆ ಹೊಗಳಲಿಕ್ಕೆ ಬಂದವರು ಎದುರಿಗೆ ಇರಬಾರದು.

ನಿವೃತ್ತಿಯ ವಿಷಯದಲ್ಲಿ ಇನ್ನೊಂದು ಮಾತು. ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಗೆ ಹೋಗಿ ಮಂಜೂರಾಗಿ ಬರಬೇಕು; ಸೇವಾ ಪುಸ್ತಕದಲ್ಲಿ ಒಂದು ಬಡ್ತಿಯ ನಮೂದು ಬಿಟ್ಟುಹೋಗಿದ್ದರೂ, ಒಂದು ರಜೆ ಲೆಕ್ಕ ತಾಳೆಯಾಗದಿದ್ದರೂ ಅದು ಅಲ್ಲೇ ನಿಲ್ಲುತ್ತದೆ. ನನಗಿಂತ ಮೊದಲು ನಿವೃತ್ತರಾದ ಸಹೋದ್ಯೋಗಿಯೊಬ್ಬರು ತಮ್ಮ ಬೀಳ್ಕೊಡುಗೆಯ ಶಾಲನ್ನೇ ಹೊದ್ದುಕೊಂಡು ಎಂಟು ತಿಂಗಳು ಕಚೇರಿಗೆ ಅಲೆದರು. ಈ ಮಾರ್ಚ್ ತಿಂಗಳಲ್ಲೇ ನೀವು ಮೇಷ್ಟ್ರನ್ನು ಕರೆದುಕೊಂಡು ಹೋಗಿ, ಸೇವಾ ಪುಸ್ತಕವನ್ನು ತೆರೆಸಿ, ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಎದುರು ಕುಳಿತು ಪುಟಪುಟ ನೋಡಿಸಿದರೆ ಅದಕ್ಕಿಂತ ದೊಡ್ಡ ಸನ್ಮಾನವನ್ನು ಅವರು ನಿಮ್ಮಿಂದ ಬಯಸಲಾರರು.

ಪದವೀಧರ ಪ್ರಾಥಮಿಕ ಶಿಕ್ಷಕಿ, ರಾಯಚೂರು ಜಿಲ್ಲೆ

ಹಾವೇರಿಯ ಗುರುಗಳು ಹೋಗುವವರ ಕಡೆಯಿಂದ ಬರೆದಿದ್ದಾರೆ. ನಾನು ಬಂದವಳ ಕಡೆಯಿಂದ ಬರೆಯುತ್ತೇನೆ. 2022ರಲ್ಲಿ 15,000 ಹುದ್ದೆಗಳಿಗೆ ಅಧಿಸೂಚನೆಯಾದ ನೇಮಕಾತಿಯಲ್ಲಿ ಆಯ್ಕೆಯಾಗಿ, ಶಿವಮೊಗ್ಗ ಜಿಲ್ಲೆಯ ಮಳೆಯ ಊರಿನಿಂದ ಇಲ್ಲಿಗೆ ಬಂದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಆದೇಶದ ಪ್ರತಿ ಕೊಟ್ಟು, ಎರಡು ಬಸ್ಸು ಬದಲಿಸಿ ಶಾಲೆ ತಲುಪುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಮುಖ್ಯ ಗುರುಗಳು ಸಭೆಗೆ ಹೋಗಿದ್ದರು. ಬ್ಯಾಗನ್ನು ಎಲ್ಲಿ ಇಡಲಿ ಎಂದು ತಿಳಿಯದೆ ಜಗಲಿಯಲ್ಲಿ ನಿಂತಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು, ‘ಅಕ್ಕೋರೇ, ನೀವು ನಾಳೆನೂ ಬರ್ತೀರೇನ್ರೀ?’ ಎಂದು ಕೇಳಿದಳು. ಆ ಪ್ರಶ್ನೆಯ ಅರ್ಥ ನನಗೆ ತಿಳಿದದ್ದು ಆಮೇಲೆ: ಆ ಹುದ್ದೆಗೆ ಬಂದವರು ಬಂದಷ್ಟೇ ಬೇಗ ನಿಯೋಜನೆಯ ಮೇಲೆ ಬೇರೆ ಕಡೆಗೆ ಹೋಗುವುದು ಅಲ್ಲಿ ವಾಡಿಕೆಯಾಗಿತ್ತು.

ಅಡುಗೆಯ ಅಮ್ಮ ನನ್ನನ್ನು ಒಳಗೆ ಕರೆದು, ಒಂದು ತಟ್ಟೆ ತೊಳೆದು, ಮಕ್ಕಳ ಸಾಲಿನ ಕೊನೆಯಲ್ಲಿ ಕೂರಿಸಿ ಬಡಿಸಿದರು. ಆ ದಿನದ ಮಟ್ಟಿಗೆ ಅದೇ ಸ್ವಾಗತ. ವಾರದ ನಂತರ ಹಾರ ಹಾಕಿ ಕಾರ್ಯಕ್ರಮವನ್ನೂ ಮಾಡಿದರು. ಅದರ ಫೋಟೊ ಇದೆ, ನೆನಪು ಅಷ್ಟಾಗಿ ಇಲ್ಲ.

ನೆನಪಿರುವುದು ಒಂದು ನೋಟುಪುಸ್ತಕ. ಆ ಹುದ್ದೆಯಲ್ಲಿ ನನಗಿಂತ ಹಿಂದೆ ಇದ್ದವರು ಪಕ್ಕದ ತಾಲ್ಲೂಕಿಗೆ ವರ್ಗವಾಗಿದ್ದರು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬಸ್ಸು ಹತ್ತಿ ಬಂದು, ಎರಡು ತಾಸು ನನ್ನೊಂದಿಗೆ ಕುಳಿತು ಆ ಪುಸ್ತಕವನ್ನು ಕೊಟ್ಟು ಹೋದರು. ಮಗುವಿಗೊಂದು ಪುಟ. ಅಂಕಗಳು ಅದರಲ್ಲಿರಲಿಲ್ಲ, ಅವು ಹೇಗೂ ದಾಖಲೆಯಲ್ಲಿ ಸಿಗುತ್ತವೆ. ಒಂದು ಪುಟದಲ್ಲಿ ‘ಬಲಗಿವಿ ಮಂದ. ನಿಮ್ಮ ಎಡಗಡೆಯ ಗೋಡೆಗೆ ಕೂರಿಸಿದರೆ ಎಡಗಿವಿಗೆ ಬೀಳುತ್ತದೆ. ಕೇಳಿಸಿತೇ ಎಂದರೆ ಯಾವಾಗಲೂ ಹೌದು ಎನ್ನುತ್ತಾನೆ, ನಂಬಬೇಡಿ’ ಎಂದಿತ್ತು. ಇನ್ನೊಂದರಲ್ಲಿ ‘ಹತ್ತಿ ಬಿಡಿಸುವ ಕಾಲದಲ್ಲಿ ಬರುವುದಿಲ್ಲ. ಗದರಿಸಿದರೆ ಮುಂದೆಯೂ ಬರುವುದಿಲ್ಲ. ಸಂಜೆ ಮನೆಗೆ ಹೋಗಿ ಅಜ್ಜಿಯ ಹತ್ತಿರ ಮಾತನಾಡಿ. ಅಪ್ಪನ ಹತ್ತಿರ ಬೇಡ’ ಎಂದಿತ್ತು. ಮತ್ತೊಂದರಲ್ಲಿ ಒಂದೇ ಸಾಲು: ‘ಇವಳಿಗೆ ಓದು ಬರುತ್ತದೆ, ದನಿ ಬರುವುದಿಲ್ಲ.’ ಆರು ತಿಂಗಳು ತಡಕಾಡಿ ನಾನು ಕಂಡುಕೊಳ್ಳಬೇಕಾಗಿದ್ದದ್ದು ಆ ಶನಿವಾರವೇ ನನ್ನ ಕೈಗೆ ಬಂತು.

ಮೇಡಂ, ನಿಮ್ಮ ನಲಿ-ಕಲಿ ಮೇಡಂ ಅವರಿಂದ ಇಂಥದ್ದೊಂದನ್ನು ಈಗಲೇ ಬರೆಸಿಕೊಳ್ಳಿ. ಪ್ರಭಾರ ಹಸ್ತಾಂತರದಲ್ಲಿ ನಗದು ಪುಸ್ತಕ, ಜಡವಸ್ತು ವಹಿ, ಬೀರುವಿನ ಬೀಗದ ಕೈ ಎಲ್ಲಕ್ಕೂ ಸಹಿ ಪಡೆಯುತ್ತೇವೆ. ಮಕ್ಕಳ ಬಗೆಗಿನ ತಿಳಿವಳಿಕೆ ಮಾತ್ರ ಹೋದವರ ಜೊತೆಗೇ ಬಸ್ಸು ಹತ್ತಿ ಹೊರಟುಹೋಗುತ್ತದೆ.

ಹೊಸಬರಿಗೆ ಬೇಕಾಗುವ ಉಳಿದ ಸಂಗತಿಗಳು ಸಣ್ಣವು, ಆದರೆ ಯಾರೂ ಹೇಳುವುದಿಲ್ಲ. ಬಾಡಿಗೆಗೆ ಕೋಣೆ ಎಲ್ಲಿ ಸಿಗುತ್ತದೆ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಕುಡಿಯುವ ನೀರು ಯಾವುದು, ಶಿಕ್ಷಕಿಯರ ಶೌಚಾಲಯದ ಕೀಲಿ ಎಲ್ಲಿರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಹೊಸದಾಗಿ ನೇಮಕವಾದವರಿಗೆ ದಾಖಲೆಗಳ ಪರಿಶೀಲನೆ ಮುಗಿದು ಮೊದಲ ವೇತನ ಬರುವುದು ತಡವಾಗಬಹುದು ಎಂಬುದೂ ನೆನಪಿರಲಿ. ನನಗೆ ಮೂರು ತಿಂಗಳು ಹಿಡಿಯಿತು. ನಮ್ಮ ಮುಖ್ಯ ಗುರುಗಳು ಅದನ್ನು ಬಲ್ಲವರಾದ್ದರಿಂದ, ನಾನು ಬಾಯಿ ಬಿಡುವ ಮೊದಲೇ ಊರಿನ ಕಿರಾಣಿ ಅಂಗಡಿಗೆ ಕರೆದುಕೊಂಡು ಹೋಗಿ ‘ಅಕ್ಕೋರ ಹೆಸರಲ್ಲಿ ಉದ್ರಿ ಬರಕೋ’ ಎಂದು ಹೇಳಿ ಬಂದರು.

ಅತಿಥಿ ಶಿಕ್ಷಕಿ, ತುಮಕೂರು ಜಿಲ್ಲೆ

ಅತಿಥಿ ಶಿಕ್ಷಕಿಯ ವಿಚಾರವನ್ನು ಪ್ರಶ್ನೆಯಲ್ಲೇ ಎತ್ತಿದ್ದಕ್ಕಾಗಿ ಮೇಡಂ ಅವರಿಗೆ ವಂದನೆ. ನಾಲ್ಕು ವರ್ಷ ಒಂದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೆ. ಕಾಯಂ ಶಿಕ್ಷಕರು ಬಂದಿದ್ದಾರೆ, ನಾಳೆಯಿಂದ ಬರುವುದು ಬೇಡ ಎಂದು ಸಂಜೆ ಫೋನಿನಲ್ಲಿ ತಿಳಿಸಿದರು. ಪ್ರಯೋಗದ ಪೆಟ್ಟಿಗೆಯ ಕೀಲಿ ನನ್ನ ಬಳಿಯೇ ಉಳಿದಿದ್ದರಿಂದ ಮರುದಿನ ಕೊಟ್ಟು ಬರಲು ಹೋದೆ. ಪ್ರಾರ್ಥನಾ ಮೈದಾನದಲ್ಲಿ ಹೊಸಬರ ಸ್ವಾಗತ ನಡೆಯುತ್ತಿತ್ತು. ಮಕ್ಕಳು ನನ್ನನ್ನು ನೋಡಿ ಸಾಲಿನಲ್ಲೇ ಕೈ ಬೀಸಿದರು. ಸಾಲು ಕೆಡಿಸಿದ್ದಕ್ಕೆ ಬೈಸಿಕೊಂಡರು. ಕೀಲಿಯನ್ನು ಮೇಜಿನ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಬಂದೆ. ಬಂದ ಶಿಕ್ಷಕರ ಮೇಲೆ ನನಗೆ ಕಿಂಚಿತ್ತೂ ಬೇಸರವಿರಲಿಲ್ಲ, ಇಂದಿಗೂ ಇಲ್ಲ.

ನಮಗೆ ಶಾಲು, ಹಾರ ಬೇಕಿಲ್ಲ. ಒಂದು ದಿನ ಮೊದಲು ತಿಳಿಸಿ, ಮಕ್ಕಳೆದುರು ನಿಂತು ‘ಹೋಗಿ ಬರುತ್ತೇನೆ’ ಎಂದು ಹೇಳಲು ಐದು ನಿಮಿಷ ಕೊಟ್ಟರೆ ಸಾಕು. ಬಾಕಿ ಇರುವ ಗೌರವಧನದ ಬಿಲ್ಲಿಗೆ ಹಾಜರಾತಿ ದೃಢೀಕರಿಸಿ ಅಂದೇ ಕಳುಹಿಸಿಬಿಡಿ. ಶಾಲೆ ಬಿಟ್ಟ ಮೇಲೆ ಅದನ್ನು ಕೇಳಲು ಬರುವುದು ಬಹಳ ಸಂಕೋಚದ ಕೆಲಸ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ತರಗತಿಗಳಿಗೆ, ಯಾವ ವಿಷಯ ಬೋಧಿಸಿದರು ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ ಸಹಿ, ಮೊಹರು ಹಾಕಿದ ಅನುಭವ ಪ್ರಮಾಣಪತ್ರವನ್ನು ಕೈಗೇ ಕೊಡಿ. ನಾನು ನನ್ನದನ್ನು ಪಡೆಯುವಷ್ಟರಲ್ಲಿ ಆ ಮುಖ್ಯ ಶಿಕ್ಷಕರೇ ವರ್ಗವಾಗಿ ಹೋಗಿದ್ದರು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ, ಚಿತ್ರದುರ್ಗ ಜಿಲ್ಲೆ

ನಾನು ಶಿಕ್ಷಕನಲ್ಲ, ಎರಡು ಮಕ್ಕಳ ತಂದೆ. ದುಡ್ಡಿನ ಬಗ್ಗೆ ಮಾತ್ರ ಬರೆಯುತ್ತೇನೆ. ಮಕ್ಕಳಿಂದ ಚಂದಾ ಎತ್ತಬೇಡಿ, ಹತ್ತು ರೂಪಾಯಿಯೂ ಬೇಡ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ‘ಇಷ್ಟ ಇದ್ದವರು 20 ರೂಪಾಯಿ ತನ್ನಿ’ ಎಂದು ಹೇಳಿದ್ದರು. ನಮ್ಮ ಬೀದಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಹೊರಟಂತೆ ಮಾಡಿ ಕೆರೆ ಏರಿಯ ಮೇಲೆ ಕುಳಿತು ಬರುತ್ತಿದ್ದ. ತಾಯಿಯ ಹತ್ತಿರ ಕೇಳಲು ಅವನಿಗೆ ಧೈರ್ಯವಿರಲಿಲ್ಲ, ಇಲ್ಲವೆಂದು ಶಾಲೆಯಲ್ಲಿ ಹೇಳಲು ನಾಚಿಕೆ. ಮಕ್ಕಳಿಗೆ ‘ಇಷ್ಟ ಇದ್ದವರು’ ಎಂಬ ಮಾತು ತಿಳಿಯುವುದಿಲ್ಲ.

ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿದೆ. ಅದನ್ನು ಮುಂದಿಟ್ಟುಕೊಂಡರೆ ಅರ್ಧ ಖರ್ಚು ಇಳಿಯುತ್ತದೆ. ಯಾರಿಗೂ ಬೇಸರವಾಗದಂತೆ ‘ಸುತ್ತೋಲೆ ಇದೆ’ ಎಂದು ಹೇಳಿಬಿಡಬಹುದು. ಶಾಮಿಯಾನ, ಮೈಕ್‌ಸೆಟ್ಟು 96 ಮಕ್ಕಳ ಶಾಲೆಗೆ ಬೇಕಾಗುವುದಿಲ್ಲ. ಸಿಹಿಯ ಖರ್ಚನ್ನು ಶಿಕ್ಷಕರು ತಮ್ಮೊಳಗೆ ಹಂಚಿಕೊಳ್ಳಲಿ. ಆದರೆ ಅದೇ ತಿಂಗಳು ಬಂದವರಿಂದ, ಅತಿಥಿ ಶಿಕ್ಷಕರಿಂದ, ಅಡುಗೆಯವರಿಂದ ಪಡೆಯಬೇಡಿ.

ಹೋಗುವ ಶಿಕ್ಷಕರು ಶಾಲೆಗೆ ನೆನಪಿನ ಕಾಣಿಕೆ ಕೊಡುವ ಪದ್ಧತಿಯೂ ಇದೆಯಲ್ಲ, ಅದನ್ನು ಮೊದಲೇ ಮಾತನಾಡಿಕೊಳ್ಳಿ. ನಮ್ಮ ಶಾಲೆಯ ಕಚೇರಿಯಲ್ಲಿ ಹೆಸರು ಬರೆಸಿದ ಗೋಡೆ ಗಡಿಯಾರಗಳು ಐದಿವೆ. ನಡೆಯುವವು ಎರಡು, ಅವೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಕೊನೆಗೆ ಹೋದ ಮೇಡಂ ಒಬ್ಬರು ಮಾತ್ರ ‘ಏನು ಬೇಕು ಹೇಳಿ’ ಎಂದು ಕೇಳಿ, ನಲ್ಲಿಯ ಹತ್ತಿರ ಚಿಕ್ಕ ಮಕ್ಕಳ ಕೈಗೆ ಎಟಕುವಂತೆ ಕಟ್ಟೆ ಕಟ್ಟಿಸಿಕೊಟ್ಟರು. ಅದು ದಿನವೂ ಬಳಕೆಯಾಗುತ್ತಿದೆ.

ಪ್ರೌಢಶಾಲಾ ಕನ್ನಡ ಶಿಕ್ಷಕ, ಉಡುಪಿ ಜಿಲ್ಲೆ

ಬೀಳ್ಕೊಡುಗೆ ಬಂದಾಗಲೆಲ್ಲ ಬಿನ್ನವತ್ತಳೆ (ಸಭೆಯಲ್ಲಿ ಓದಿ ಅರ್ಪಿಸುವ ಗೌರವಪತ್ರ) ಬರೆಯುವ ಕೆಲಸ ಕನ್ನಡ ಪಂಡಿತನೆಂಬ ಕಾರಣಕ್ಕೆ ನನ್ನ ತಲೆಗೇ ಬರುತ್ತದೆ. ಮೊದಮೊದಲು ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’, ‘ಸೇವೆಯ ಹರಿಕಾರ’ ಎಂದೆಲ್ಲ ಬರೆಯುತ್ತಿದ್ದೆ. ಒಮ್ಮೆ ಹಳೆಯ ಮೂರು ಬಿನ್ನವತ್ತಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೆಸರು ಬದಲಿಸಿದರೆ ಯಾವುದನ್ನು ಯಾರಿಗೂ ಓದಬಹುದಾಗಿತ್ತು. ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ: ಬೇರೆ ಯಾರಿಗೂ ಹೊಂದದ ಐದು ಸಂಗತಿಗಳು ಸಿಗುವವರೆಗೆ ಬರೆಯಲು ಕೂರುವುದಿಲ್ಲ. ಅವು ಸಿಗುವುದು ಮಕ್ಕಳ ಹತ್ತಿರ. ‘ನಮ್ಮ ಟೀಚರ್‌ನ ಬಗ್ಗೆ ಪ್ರಬಂಧ’ ಎಂದು ಬರೆಸಿದರೆ ಅವರೂ ಅಜಾತಶತ್ರು ಎಂದೇ ಬರೆಯುತ್ತಾರೆ. ಅದರ ಬದಲು ‘ಟೀಚರ್ ಯಾವಾಗಲೂ ಹೇಳುವ ಮಾತು ಯಾವುದು’, ‘ಅವರಿಗೆ ಸಿಟ್ಟು ಬಂದದ್ದು ಹೇಗೆ ಗೊತ್ತಾಗುತ್ತದೆ’, ‘ಅವರ ಚೀಲದಲ್ಲಿ ಏನೇನಿರುತ್ತದೆ’ ಎಂದು ಕೇಳಿ ನೋಡಿ. ನಮ್ಮ ಸಮಾಜ ವಿಜ್ಞಾನದ ಶಿಕ್ಷಕಿಯ ಬಗ್ಗೆ ಒಬ್ಬ ಹುಡುಗ, ‘ಸಿಟ್ಟು ಬಂದರೆ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುತ್ತಾರೆ, ಒರೆಸಿ ಮುಗಿಯುವುದರೊಳಗೆ ನಾವು ಸುಮ್ಮನಾಗಬೇಕು’ ಎಂದು ಬರೆದಿದ್ದ. ಅದನ್ನು ಹಾಗೆಯೇ ಓದಿಸಿದೆವು. ಅವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದರು. ಇಡೀ ಸಭೆ ನಕ್ಕಿತು.

ಹಾವೇರಿಯ ಗುರುಗಳ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ವೇದಿಕೆಯ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಬಾರದು, ಸರಿ. ತರಗತಿಯಲ್ಲಿ ಇಬ್ಬರೂ ಒಟ್ಟಿಗೆ ಇರುವ ಒಂದೇ ಒಂದು ಅವಧಿ ಸಿಕ್ಕರೂ ಅದನ್ನು ಬಿಡಬೇಡಿ. ನಮ್ಮಲ್ಲಿ ಒಮ್ಮೆ ಹೊಸಬರು ಬಂದ ದಿನವೇ ಹಳಬರ ಬಿಡುಗಡೆಯೂ ಇತ್ತು. ಹೊಸಬರು ಹಾಜರಿ ಕರೆದರು, ಹಳಬರು ಪಕ್ಕದಲ್ಲಿ ನಿಂತು ಪ್ರತಿ ಹೆಸರಿಗೂ ಒಂದು ಮಾತು ಸೇರಿಸಿದರು: ಇವನು ಯಕ್ಷಗಾನದಲ್ಲಿ ಬಾಲಗೋಪಾಲ ಕುಣಿಯುತ್ತಾನೆ, ಇವಳು ಕಬಡ್ಡಿಯಲ್ಲಿ ಹಿಡಿದರೆ ಬಿಡುವುದಿಲ್ಲ, ಇವನಿಗೆ ‘ಸಣ್ಣು’ ಅಂದರೆ ಸಾಕು. ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಹೊಸಬರ ಕಡೆಗೆ ಮುಖ ತಿರುಗಿಸಿದ್ದರು. ಹಳಬರೇ ಪರಿಚಯಿಸಿದವರನ್ನು ಮಕ್ಕಳು ಸಂಶಯಿಸುವುದಿಲ್ಲ.

ಚಿಕ್ಕ ಮಕ್ಕಳ ಅಳುವಿನ ಬಗ್ಗೆ ಹೇಳುವುದಾದರೆ, ಅಳಲಿ. ‘ಮಿಸ್ ಮತ್ತೆ ಬರುತ್ತಾರೆ’ ಎಂದು ಸುಳ್ಳು ಹೇಳಿ ಸಮಾಧಾನ ಮಾಡುವುದೇ ಅಳುವುದಕ್ಕಿಂತ ಕೆಟ್ಟದ್ದು. ಆ ಮಕ್ಕಳು ತಿಂಗಳುಗಟ್ಟಲೆ ಗೇಟಿನ ಕಡೆ ನೋಡುತ್ತಾರೆ. ಯಾವ ಊರಿಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ, ಅಲ್ಲಿಯೂ ಇಂಥದೇ ಶಾಲೆ ಇದೆ ಎಂದು ನಕ್ಷೆಯಲ್ಲಿ ತೋರಿಸಿ ಅವರ ಬಾಯಿಂದಲೇ ಹೇಳಿಸಿ. ಆದರೆ ಅಳುವ ಮಕ್ಕಳ ವಿಡಿಯೊ ಮಾಡಿ ಹಂಚುವುದನ್ನು ದಯವಿಟ್ಟು ತಡೆಯಿರಿ. ಈಗೀಗ ಬೀಳ್ಕೊಡುಗೆಯೆಂದರೆ ಮೊಬೈಲು ಹಿಡಿದವರು ‘ಅಳು, ಅಳು’ ಎನ್ನುವಂತೆ ಮಗುವಿನ ಮುಖಕ್ಕೇ ಹತ್ತಿರ ಹೋಗುತ್ತಾರೆ.

ಪ್ರಶ್ನೆ ಕೇಳಿದ ಪ್ರಭಾರ ಮುಖ್ಯ ಶಿಕ್ಷಕಿ, ಹಾಸನ ಜಿಲ್ಲೆ (ಜುಲೈ ಕೊನೆ)

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಮೇಷ್ಟ್ರ ಬೀಳ್ಕೊಡುಗೆಯನ್ನು ಏಪ್ರಿಲ್ 8ರಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ, ಬಿಸಿಲೇರುವ ಮೊದಲು ಹೊಂಗೆ ಮರದ ಕೆಳಗೆ ಮಾಡಿದೆವು. ಹೊರಗಿನವರು ಮೂವರೇ, 50 ನಿಮಿಷದಲ್ಲಿ ಮುಗಿಯಿತು, ಅದರಲ್ಲಿ 20 ನಿಮಿಷ ಮೇಷ್ಟ್ರೇ ಮಾತನಾಡಿದರು. ಮಕ್ಕಳಿಂದ ಬಿಡಿ ಸಂಗತಿಗಳನ್ನು ಸಂಗ್ರಹಿಸಿ ಓದಿಸಿದೆವು. ಅವರ ಜೇಬಿನಲ್ಲಿ ಯಾವಾಗಲೂ ಎರಡು ಹುಣಸೆಬೀಜಗಳಿರುತ್ತವೆಂದೂ, ಸಮ ಬೆಸ ಹೇಳಿಕೊಡಲು ಅವನ್ನೇ ತೆಗೆಯುತ್ತಾರೆಂದೂ 21 ವರ್ಷ ಜೊತೆಗಿದ್ದ ನನಗೆ ಅಂದೇ ತಿಳಿಯಿತು. ಸೇವಾ ಪುಸ್ತಕದಲ್ಲಿ ಎರಡು ನಮೂದುಗಳು ನಿಜಕ್ಕೂ ಬಿಟ್ಟುಹೋಗಿದ್ದವು. ಮಾರ್ಚ್‌ನಲ್ಲೇ ಸರಿಪಡಿಸಿದ್ದರಿಂದ ಪಿಂಚಣಿ ಕಡತ ಸಕಾಲಕ್ಕೆ ಹೊರಟಿತು.

ನಲಿ-ಕಲಿ ಮೇಡಂ ಅವರದು ಹೀಗಾಗಲಿಲ್ಲ. ಕೌನ್ಸೆಲಿಂಗ್‌ನಲ್ಲಿ ಸ್ಥಳ ಸಿಕ್ಕ ಮೇಲೆ ಒಂದು ಬುಧವಾರ ಮಧ್ಯಾಹ್ನ ‘ಇಂದೇ ಬಿಡುಗಡೆ ಮಾಡಿ’ ಎಂದು ಕರೆ ಬಂತು. ಯೋಚಿಸಿಟ್ಟಿದ್ದ ಕಾರ್ಯಕ್ರಮಕ್ಕೆ ಸಮಯವೇ ಇರಲಿಲ್ಲ. ಬಿಡುಗಡೆ ಪತ್ರ ಟೈಪಾಗುವಷ್ಟು ಹೊತ್ತಿನಲ್ಲಿ ಅವರು ತರಗತಿಗೆ ಹೋಗಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಊರಿನ ಹೆಸರು ಹೇಳಿ, ನಕ್ಷೆ ತೋರಿಸಿ ಬಂದರು. ನಮ್ಮ ಅಡುಗೆಯ ಅಕ್ಕ ಮನೆಗೆ ಓಡಿಹೋಗಿ ಅರಿಸಿನ ಕುಂಕುಮ, ಒಂದು ರವಿಕೆ ಕಣ, ತೆಂಗಿನಕಾಯಿ ತಂದು ಮಡಿಲು ತುಂಬಿದರು. ಮಕ್ಕಳು ಅತ್ತರು. ಮಗುವಿಗೊಂದು ಪುಟದ ಪುಸ್ತಕವನ್ನು ಅವರು ಮೇ ತಿಂಗಳ ರಜೆಯಲ್ಲೇ ಬರೆದು ನನ್ನ ಬೀರುವಿನಲ್ಲಿ ಇಟ್ಟಿದ್ದರು. ಅವರ ಜಾಗಕ್ಕೆ ಬಂದ ಮೇಡಂ 12 ದಿನಗಳ ನಂತರ ಹಾಜರಾದಾಗ ಹೂವಿಗಿಂತ ಮೊದಲು ಅದನ್ನೇ ಕೊಟ್ಟೆ. ಅವರು ಅದನ್ನು ಮನೆಗೆ ಒಯ್ದು ಓದಿ, ಮಾರನೆಯ ದಿನ ಇಬ್ಬರು ಮಕ್ಕಳ ಜಾಗ ಬದಲಿಸಿದರು.

ಗಣಿತಕ್ಕೂ ಹೊಸ ಮೇಷ್ಟ್ರು ಬಂದಿದ್ದಾರೆ. ಅತಿಥಿ ಶಿಕ್ಷಕಿಯಿದ್ದ ಹುದ್ದೆ ಸದ್ಯ ಖಾಲಿಯೇ ಉಳಿದಿರುವುದರಿಂದ ಅವರು ಈ ವರ್ಷವೂ ಮುಂದುವರಿದಿದ್ದಾರೆ. ಆದರೂ ತುಮಕೂರಿನ ಮೇಡಂ ಬರೆದದ್ದನ್ನು ಓದಿದ ಮೇಲೆ, ಈವರೆಗಿನ ಸೇವೆಗೆ ಅನುಭವ ಪ್ರಮಾಣಪತ್ರವನ್ನು ಸಹಿ, ಮೊಹರು ಹಾಕಿ ಈಗಲೇ ಕೊಟ್ಟಿದ್ದೇನೆ.

ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ನಿವೃತ್ತರಾದ ನಮ್ಮ ಮೇಷ್ಟ್ರು ಜೂನ್‌ನಿಂದಲೂ ದಿನವೂ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಗೆ ಬರುತ್ತಾರೆ, ಹೊಂಗೆ ಮರದ ಕಟ್ಟೆಯ ಮೇಲೆ ಕೂರುತ್ತಾರೆ, ಬಿಡುವಿನಲ್ಲಿ ಮಕ್ಕಳು ಲೆಕ್ಕ ಹಿಡಿದು ಅವರ ಹತ್ತಿರವೇ ಓಡುತ್ತಾರೆ. ಹೊಸ ಮೇಷ್ಟ್ರು ಒಳ್ಳೆಯವರು, ದೂರಿಲ್ಲ. ಆದರೆ ‘ಅವರು ಕಿಟಕಿಯ ಹತ್ತಿರ ಬಂದು ನಿಂತರೆ ನನಗೆ ಮಗ್ಗಿಯೇ ಮರೆತುಹೋಗುತ್ತದೆ ಮೇಡಂ’ ಎಂದು ನಿನ್ನೆ ನಗುತ್ತಲೇ ಹೇಳಿದರು. ಹಿರಿಯರಿಗೆ ಬರಬೇಡಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಇದನ್ನು ನಿಭಾಯಿಸಿದವರು ಯಾರಾದರೂ ಇದ್ದರೆ ತಿಳಿಸಿ.